ದೋಣಿ ಹತ್ತುವ ಮೊದಲು ಮಗಳನ್ನೂ ಒಂದು ಮಾತು ಕೇಳಿ

ಕಟ್ಟೆಮಳಲವಾಡಿಯ ಹೆಂಗಸೊಬ್ಬಳು ಹಡಗು, ದೋಣಿ ಅಂತ ಬರೆಯಲು ಹೊರಟರೆ ನಿಮಗೆ ನಗು ಬರಬಹುದು. ನಮ್ಮೂರಿಗೂ ನೀರಿಗೂ ನಂಟಿಲ್ಲ ಅಂತಲ್ಲ, ಹೆಸರಿನಲ್ಲೇ ಕಟ್ಟೆ ಇದೆ. ಕೊಡಗಿನ ಇರ್ಪಿನ ಕಡೆಯಿಂದ ಇಳಿದು ಬರುವ ಲಕ್ಷ್ಮಣತೀರ್ಥ ಹೊಳೆಗೆ ಇಲ್ಲಿ ಅಣೆಕಟ್ಟೆ ಕಟ್ಟಿದ್ದಾರೆ. ಮಳೆಗಾಲದಲ್ಲಿ ನೀರು ಕಟ್ಟೆಯ ಮೇಲೆ ಹಾರಿ ಬೀಳುವುದನ್ನು ನೋಡುವುದೇ ಒಂದು ಹಬ್ಬ. ಬೇಸಿಗೆಯಲ್ಲಿ ಅದೇ ಹೊಳೆಯ ಬಂಡೆಗಳ ಮೇಲೆ ಬಟ್ಟೆ ಒಣಹಾಕುತ್ತೇವೆ. ಆದರೆ ದೋಣಿ ಹತ್ತುವ ಯೋಗ ಮಾತ್ರ ನಲವತ್ಮೂರು ವರ್ಷ ನನಗೆ ಬಂದಿರಲಿಲ್ಲ.

ಬಂದದ್ದು ಮಗಳ ದೆಸೆಯಿಂದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದಳು. ಜೂನ್ ತಿಂಗಳಿಗೆ ಮೈಸೂರಿನ ಕಾಲೇಜು, ಅಲ್ಲೇ ಹಾಸ್ಟೆಲು ಅಂತ ನಾವು ತೀರ್ಮಾನ ಮಾಡಿದ್ದೆವು. ಒಂದು ವರ್ಷದಿಂದ ಅವಳ ಮಾತೇ ಕಡಿಮೆ. ಊಟಕ್ಕೆ ಬಾ ಅಂದರೆ "ಆಮೇಲೆ", ಏನಾಯಿತೆ ಅಂದರೆ "ಏನಿಲ್ಲ". ಹದಿನಾರರ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ ನಿಮಗೂ ಗೊತ್ತಿರುತ್ತದೆ. ಹಾಸ್ಟೆಲಿಗೆ ಹೋದ ಮೇಲೆ ಈ ಎರಡು ಮಾತೂ ಇರುವುದಿಲ್ಲವಲ್ಲ, ಅದಕ್ಕೆ ಮುಂಚೆ ನಾವು ನಾಲ್ಕು ಜನ, ಅತ್ತೆಯವರೂ ಸೇರಿ, ಎಲ್ಲಿಗಾದರೂ ಹೋಗಿಬರೋಣ ಅಂತ ನನಗೆ ಆಸೆಯಾಯಿತು. ನಮ್ಮದು ಹೊಗೆಸೊಪ್ಪಿನ ಬೇಸಾಯ. ಹರಾಜಿನ ದುಡ್ಡು ಕೈಗೆ ಬಂದು, ಸಸಿಮಡಿ ಮೇಲೆದ್ದು, ಮೊದಲ ಮಳೆಗೆ ನಾಟಿ ಶುರುವಾಗುವ ನಡುವೆ ಬಿಡುವು ಅಂದರೆ ಏಪ್ರಿಲ್ ತಿಂಗಳಲ್ಲಿ ನಾಲ್ಕೈದು ದಿನ, ಅಷ್ಟೆ. ಮಡಿಗೆ ನೀರು ಹಾಕುವ ಕೆಲಸವನ್ನು ಮೈದುನನಿಗೆ ಒಪ್ಪಿಸಿದೆವು.

"ಎಲ್ಲಿಗೆ ಹೋಗೋಣ?" ಅಂತ ನಮ್ಮನೆಯವರು ಕೇಳಿದರು. ಅತ್ತೆ ಧರ್ಮಸ್ಥಳ ಅಂದರು. ಮಗಳು ಫೋನಿನಲ್ಲಿ ಒಂದು ಹಡಗು ತೋರಿಸಿದಳು. ಬಿಳೀ ಬಣ್ಣದ್ದು, ನಮ್ಮೂರ ಎಲ್ಲ ಮನೆಗಳನ್ನೂ ಒಂದರ ಮೇಲೊಂದು ಇಟ್ಟ ಹಾಗೆ. ಮುಂಬೈಯಿಂದ ಗೋವಾಕ್ಕೆ, ಲಕ್ಷದ್ವೀಪಕ್ಕೆ ಹೋಗುವ ಕಾರ್ಡೆಲಿಯಾ ಕಂಪನಿಯ ಹಡಗು, 2021ರಲ್ಲಿ ಶುರುವಾದದ್ದು. ಹನ್ನೊಂದು ಅಂತಸ್ತು, ಮೇಲೆ ಈಜುಕೊಳ, ಗೋಡೆ ಹತ್ತುವ ಆಟ, ರಾತ್ರಿ ಹಾಡು ಕುಣಿತ. ನನಗೂ ಕಣ್ಣು ಹೋಯಿತು, ಸುಳ್ಳು ಯಾಕೆ ಹೇಳಲಿ.

ಇಂಥ ಹಡಗಿನ ವಿಚಾರ ನಾನು ಕೇಳಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಜಾಹೀರಾತಿನಲ್ಲಿ ಕಾಣುವ ಬೆಲೆ ಕಿಟಕಿಯಿಲ್ಲದ ಒಳಗಿನ ಕೋಣೆಯದು. ಕಿಟಕಿ ಬೇಕಾದರೆ ಹೆಚ್ಚು, ಬಾಲ್ಕನಿ ಬೇಕಾದರೆ ಇನ್ನೂ ಹೆಚ್ಚು. ಅದರ ಮೇಲೆ ಬಂದರಿನ ಶುಲ್ಕ, ತೆರಿಗೆ, ಹಡಗಿನ ಸಿಬ್ಬಂದಿಯ ಭಕ್ಷೀಸು ಅಂತ ಸೇರುತ್ತದೆ. ಊಟ ಬೆಲೆಯೊಳಗೇ ಇರುತ್ತದೆ, ದಡಕ್ಕಿಳಿದು ಊರು ನೋಡುವುದಕ್ಕೆ ಬೇರೆ ಕಾಸು. ಮುಂಬೈವರೆಗೆ ಹೋಗಿ ಬರುವ ಖರ್ಚು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಕ್ಕಳ ಆಟದ ಕೋಣೆ ಅಂತ ಇರುವುದು ಸಾಮಾನ್ಯವಾಗಿ ಸಣ್ಣವರಿಗೆ, ಕ್ಯಾಸಿನೋ ಇತ್ಯಾದಿ ದೊಡ್ಡವರಿಗೆ. ನಡುವಿನ ಹದಿನಾರು ವರ್ಷದವರು ಏನು ಮಾಡಬೇಕು ಅಂತ ಕೇಳಿ ತಿಳಿದುಕೊಂಡೇ ದುಡ್ಡು ಕಟ್ಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಸಮುದ್ರ ಒರಟು, ಆ ಕಾಲದಲ್ಲಿ ಹೊಟ್ಟೆ ತೊಳಸುವವರು ಹೋಗದಿರುವುದೇ ವಾಸಿ. ಲಕ್ಷದ್ವೀಪಕ್ಕೆ ಹೋಗಬೇಕಾದರೆ ಪ್ರವೇಶ ಪರವಾನಗಿ ಬೇಕು, ಅದಕ್ಕೆ ಮುಂಚಿತವಾಗಿ ಕಾಗದಪತ್ರ ಕೊಡಬೇಕು. ಮಗಳೇ ಕೂತು ಲೆಕ್ಕ ಹಾಕಿದಳು. ರೈಲು, ಮುಂಬೈಯಲ್ಲಿ ಒಂದು ರಾತ್ರಿ, ಎಲ್ಲ ಸೇರಿ ನಾಲ್ಕು ಜನಕ್ಕೆ ಲಕ್ಷದ ಹತ್ತಿರ ಬಂತು. ಅವಳೇ ಪುಸ್ತಕ ಮುಚ್ಚಿದಳು. "ಬೇಡ ಬಿಡಿ ಅಪ್ಪ" ಅಂದಳು. ಆ ಹೊತ್ತಿನಲ್ಲಿ ನಮ್ಮನೆಯವರ ಮುಖ ನೋಡಲು ನನಗೆ ಆಗಲಿಲ್ಲ.

ಹತ್ತಿರದ್ದೂ ನೋಡಿದೆವು. ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯ ದೋಣಿ, ಹಕ್ಕಿ ನೋಡಲು ಚೆಂದ. ಆದರೆ ಕೂತು ಏಳುವಷ್ಟರಲ್ಲಿ ಮುಗಿಯುತ್ತದೆ, ಮಗಳು ಶಾಲೆಯಿಂದಲೇ ಎರಡು ಸಲ ಹೋಗಿದ್ದಳು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇದೆ, ಅಲ್ಲಿನ ಕಂಬ ಕಂಬದಂಥ ಬಂಡೆಗಳನ್ನು ನೋಡಲೇಬೇಕಂತೆ. ಅದಕ್ಕೆ ಅತ್ತೆಯವರ ಮಂಡಿ ಒಪ್ಪಲಿಲ್ಲ. ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನಲ್ಲಿ ದೋಣಿಯಲ್ಲಿ ಕೂತು ಆನೆ ನೋಡಬಹುದು. ಬೀಚನಹಳ್ಳಿಯಲ್ಲಿ ಅಣೆಕಟ್ಟು ಆದದ್ದು 1974ರಲ್ಲಿ. ಬೇಸಿಗೆಯಲ್ಲಿ ನೀರು ಇಳಿದು ದಡದಲ್ಲಿ ಹಸಿರು ಹುಲ್ಲು ಬಂದಾಗ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಇದು ನಮ್ಮ ಮನೆಬಾಗಿಲಿನದೇ ಅಂತ ನಮ್ಮನೆಯವರು ಬದಿಗಿಟ್ಟರು. ಹೋಗುವವರು ಮಾತ್ರ ಸಫಾರಿ ನಡೆಯುತ್ತಿದೆಯಾ ಅಂತ ಮೊದಲು ಕೇಳಿಕೊಳ್ಳಿ. 2025ರ ನವೆಂಬರಿನಲ್ಲಿ ಹುಲಿ ಜನರ ಮೇಲೆ ಬಿದ್ದ ಕಾರಣಕ್ಕೆ ಸಫಾರಿಯನ್ನೇ ನಿಲ್ಲಿಸಿದ್ದರು.

ಕಡೆಗೆ ನಿಂತದ್ದು ಕೇರಳದ ಆಲಪ್ಪುಳ. ಹೌಸ್‌ಬೋಟ್ ಅಂದರೆ ನೀರಿನ ಮೇಲಿನ ಮನೆ, ಅತ್ತೆ ಮಲಗಬಹುದು, ಅಡುಗೆ ಅಲ್ಲೇ ಆಗುತ್ತದೆ ಅಂತ ನಾನೇ ಹಟ ಹಿಡಿದೆ. ಮಗಳನ್ನು ಕೇಳಿದ್ದು "ಆಗಬಹುದಾ?" ಅಂತ ಮಾತ್ರ. ಅವಳು "ಹ್ಞೂಂ" ಅಂದಳು. ಆ ಹ್ಞೂಂಗೆ ಅರ್ಥವೇ ಇಲ್ಲ ಅಂತ ಆಗ ನನಗೆ ಹೊಳೆಯಲಿಲ್ಲ.

ಮೈಸೂರಿನಿಂದ ತಿರುವನಂತಪುರದ ಕಡೆ ಹೋಗುವ ರೈಲು ಮಧ್ಯಾಹ್ನ ಹತ್ತಿದರೆ ಬೆಂಗಳೂರು ಸುತ್ತಿಕೊಂಡು ಮರುದಿನ ನಸುಕಿಗೆ ಕೊಟ್ಟಾಯಂ. ಅಲ್ಲಿಂದ ಬಸ್ಸು. ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ನಿಪ್ಪಟ್ಟು ಎಲ್ಲ ಕಟ್ಟಿಕೊಂಡಿದ್ದೆ. ದಪ್ಪ ಕೆಂಪಕ್ಕಿ ಅನ್ನ ಅತ್ತೆಯವರಿಗೆ ಸೇರದಿದ್ದರೆ ಅಂತ ಸ್ವಲ್ಪ ರಾಗಿಹಿಟ್ಟೂ ಇತ್ತು. ದೋಣಿಯ ಅಡುಗೆಯವನು ಅದನ್ನು ನೋಡಿ ನಕ್ಕು, "ಮುದ್ದೆಯಾ ಅಮ್ಮ?" ಅಂತ ಕನ್ನಡದಲ್ಲೇ ಕೇಳಿದ. ಗೋಣಿಕೊಪ್ಪದ ಹೋಟೆಲಿನಲ್ಲಿ ಎರಡು ವರ್ಷ ಇದ್ದವನಂತೆ.

ದೋಣಿಯ ವಿಚಾರದಲ್ಲಿ ನಾವು ಮೋಸ ಹೋದದ್ದನ್ನೂ ಹೇಳಿಬಿಡುತ್ತೇನೆ. ಫೋನಿನಲ್ಲಿ ಏಜೆಂಟನೊಬ್ಬ ಒಂದು ದೋಣಿಯ ಚಿತ್ರ ಕಳಿಸಿ ಮುಂಗಡ ಹಾಕಿಸಿಕೊಂಡ. ದಡದಲ್ಲಿ ನಿಂತಿದ್ದದ್ದು ಬೇರೆಯದೇ. ಆ ದೋಣಿ ಕೆಟ್ಟದ್ದೇನೂ ಅಲ್ಲ, ಆದರೆ ಮೇಲಿನ ಅಟ್ಟಕ್ಕೆ ಹೋಗುವ ಮೆಟ್ಟಿಲು ಏಣಿಯಂತೆ ಕಡಿದು. ಅತ್ತೆ ಹತ್ತುವ ಹಾಗಿಲ್ಲ, ಅವರನ್ನು ಕೆಳಗೆ ಬಿಟ್ಟು ನಾವು ಹತ್ತುವ ಹಾಗೂ ಇಲ್ಲ. ಎರಡು ಕೋಣೆ, ನಾಲ್ಕು ಜನ, ಊಟ ಸೇರಿ 16,000 ರೂಪಾಯಿ ಆಯಿತು. ವಿಷು ಹಬ್ಬದ ಸಮಯ, ಬೆಲೆ ಹೆಚ್ಚು. ನೀವು ಹೋದರೆ ದೋಣಿಯ ಹೆಸರು, ನೋಂದಣಿ ಸಂಖ್ಯೆ ಎರಡನ್ನೂ ಬರಹದಲ್ಲಿ ತರಿಸಿಕೊಳ್ಳಿ. ಕೇರಳ ಪ್ರವಾಸೋದ್ಯಮ ಇಲಾಖೆ ದೋಣಿಗಳಿಗೆ ಗೋಲ್ಡ್ ಸ್ಟಾರ್, ಸಿಲ್ವರ್ ಸ್ಟಾರ್ ಅಂತ ದರ್ಜೆ ಕೊಡುತ್ತದೆ, ಅದನ್ನೂ ಕೇಳಿ. ಕೈಲಾದರೆ ದಡಕ್ಕೆ ಹೋಗಿ ಕಣ್ಣಾರೆ ನೋಡಿ ಆಮೇಲೆ ಮಾತಾಡುವುದೇ ಒಳ್ಳೆಯದು. ಮುಖ್ಯವಾಗಿ ಈ ಮೂರು ಮಾತು ಕೇಳಿ: ದೋಣಿ ಎಷ್ಟು ಗಂಟೆ ಓಡುತ್ತದೆ, ಎಷ್ಟು ಗಂಟೆ ನಿಂತಿರುತ್ತದೆ, ಎಸಿ ಯಾವಾಗ ಹಾಕುತ್ತಾರೆ. ನಮಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸಿಕೊಂಡರು, ಐದೂವರೆಗೆ ದಡಕ್ಕೆ ಕಟ್ಟಿಬಿಟ್ಟರು. ಸಂಜೆಯಾದ ಮೇಲೆ ಮೀನಿನವರು ಬಲೆ ಹಾಕುವುದರಿಂದ ಹೌಸ್‌ಬೋಟ್ ಓಡಿಸುವಂತಿಲ್ಲ, ಅದು ನ್ಯಾಯವೇ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಇಳಿಸುತ್ತಾರೆ. ಅಂದರೆ ಇಪ್ಪತ್ತೊಂದು ಗಂಟೆಯಲ್ಲಿ ಹೆಚ್ಚು ಹೊತ್ತು ದೋಣಿ ನಿಂತೇ ಇರುತ್ತದೆ. ಎಸಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ.

ದೊಡ್ಡವರಾದ ನಮಗೆ ಆ ಅರ್ಧ ದಿನ ಸ್ವರ್ಗ. ಇದು ಬರೀ ಸರೋವರವಲ್ಲ ಸೋದರಿಯರೇ, ಕುಟ್ಟನಾಡು. ಗದ್ದೆ ಸಮುದ್ರಮಟ್ಟಕ್ಕಿಂತ ಕೆಳಗೆ, ನೀರು ಮೇಲೆ, ನಡುವೆ ಒಂದು ಮಣ್ಣಿನ ಏರಿ. ದೋಣಿಯಲ್ಲಿ ಕೂತು ಕೆಳಗೆ ಬಗ್ಗಿ ಗದ್ದೆ ನೋಡಬೇಕು! ನಮ್ಮನೆಯವರು ಮೂರು ಸಲ ಎದ್ದು ನಿಂತರು. "ಏರಿ ಒಡೆದರೆ ಗತಿಯೇನು?" ಅಂತ ಅವರಿಗೆ ಅದೇ ಚಿಂತೆ. ಗದ್ದೆಯ ನೀರನ್ನು ಪಂಪಿನಿಂದ ಹೊರಗೆ ಎತ್ತಿ ಹಾಕಿ ಬೇಸಾಯ ಮಾಡುತ್ತಾರೆ. ವೇಂಬನಾಡು ಸರೋವರಕ್ಕೆ ತಣ್ಣೀರ್ಮುಕ್ಕಂ ಎಂಬಲ್ಲಿ ಅಡ್ಡಗಟ್ಟೆ ಕಟ್ಟಿ ಉಪ್ಪುನೀರು ತಡೆಯುತ್ತಾರೆ. ಈ ಬೇಸಾಯ ಪದ್ಧತಿಗೆ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮನ್ನಣೆ ಸಿಕ್ಕಿದೆ. ಆಗ ಕೊಯ್ಲಿನ ಕಾಲ, ಭತ್ತದ ಮೂಟೆಗಳು ದೋಣಿಯಲ್ಲಿ ಹೋಗುತ್ತಿದ್ದವು. ಈಗಿನ ಹೌಸ್‌ಬೋಟುಗಳ ಮೂಲವೂ ಅದೇ, ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳಂ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡುವುದು. ಅತ್ತೆ ಹಲಗೆ ಮುಟ್ಟಿ ಮುಟ್ಟಿ ನೋಡಿದರು.

ಊಟದಲ್ಲಿ ಕರಿಮೀನು. ಮೀನಿಗೆ ಓರೆಯಾಗಿ ಗೀರು ಹಾಕಿ, ಖಾರದಪುಡಿ, ಅರಿಶಿನ, ಕಾಳುಮೆಣಸು, ಶುಂಠಿ ಬೆಳ್ಳುಳ್ಳಿ, ಕರಿಬೇವು ಒಟ್ಟಿಗೆ ಅರೆದು, ನಿಂಬೆರಸ ಹಿಂಡಿ ಹಚ್ಚಿ ಅರ್ಧ ಗಂಟೆ ಇಟ್ಟು ಕೊಬ್ಬರಿ ಎಣ್ಣೆಯಲ್ಲಿ ಹುರಿದಿದ್ದರು. ಕರಿಬೇವನ್ನು ಅರೆಯುವುದೇ ಗುಟ್ಟು, ನಾವು ಬರೀ ಒಗ್ಗರಣೆಗೆ ಹಾಕುತ್ತೇವಲ್ಲ. ಮನೆಗೆ ಬಂದು ನಮ್ಮ ಕೆರೆಮೀನಿಗೆ ಹಾಗೇ ಮಾಡಿದೆ, ಕಡಲೆಕಾಯಿ ಎಣ್ಣೆಯಲ್ಲಿ. ಮೋಸವಿಲ್ಲ.

ಮಗಳೋ? ಮೊದಲ ಒಂದು ಗಂಟೆ ಫೋಟೋ ತೆಗೆದಳು. ಆಮೇಲೆ ಒಂದು ಮೂಲೆ ಹಿಡಿದಳು. ದೋಣಿ ದಡಕ್ಕೆ ಕಟ್ಟಿದ ಮೇಲೆ ಕೇಳಬೇಡಿ. ಇಳಿದು ಓಡಾಡಲು ಇದ್ದದ್ದು ಎರಡು ಅಡಿ ಏರಿ, ಎರಡು ಕಡೆ ನೀರು. "ಹುಷಾರು", "ಅಂಚಿಗೆ ಹೋಗಬೇಡ", "ಫೋನು ಬೀಳುತ್ತೆ" ಅಂತ ನಾನು ನೂರು ಸಲ ಅಂದಿರಬೇಕು. ಕಡೆಗೆ ಅವಳು, "ಅಮ್ಮ, ಮನೇಲೂ ಇದೇ ಹೇಳ್ತೀಯ, ಇಲ್ಲೂ ಇದೇ ಹೇಳೋದಕ್ಕೆ ಇಷ್ಟು ದೂರ ಕರಕೊಂಡು ಬಂದ್ಯಾ?" ಅಂದಳು. ಅತ್ತೆ, "ಏನು ಮಾತು ಅದು ಕೂಸೇ" ಅಂದರು. ನಾನು ಪಾತ್ರೆ ತೊಳೆಯುವವಳ ಹಾಗೆ ಅಡುಗೆಮನೆ ಕಡೆ ಎದ್ದು ಹೋದೆ. ಅಲ್ಲಿ ತೊಳೆಯಲು ಪಾತ್ರೆಯೂ ಇರಲಿಲ್ಲ.

ಅಷ್ಟರಲ್ಲಿ ಎದುರಿನ ನೀರಿನಲ್ಲಿ ಒಂದು ದೊಡ್ಡ ದೋಣಿ ಹೋಯಿತು, ತುಂಬ ಜನ. ಕೆಲಸದಿಂದ ಮರಳುವ ಹೆಂಗಸರು, ಸಂತೆಚೀಲ, ನಿದ್ದೆ ಹೋದ ಮಗು. ಮನೆ ಮನೆಯ ಮುಂದೆ ಒಂದು ಸಣ್ಣ ಕಟ್ಟೆ, ಅಲ್ಲಿ ನಿಂತು ಹತ್ತಿಸಿ ಇಳಿಸಿ ಹೋಗುತ್ತಿತ್ತು, ನಮ್ಮ ಕಡೆಯ ಕೆಂಪು ಬಸ್ಸಿನ ಹಾಗೆ. ಮಗಳು ಎದ್ದು ನಿಂತಳು. "ಅದೇನು?" "ಸರ್ಕಾರಿ ಬೋಟು" ಅಂದ ಅಡುಗೆಯವನು. ಕೇರಳದಲ್ಲಿ ಬಸ್ಸಿಗೆ ಇಲಾಖೆ ಇರುವ ಹಾಗೆ ದೋಣಿಗೂ ಇದೆ, ರಾಜ್ಯ ಜಲಸಾರಿಗೆ ಇಲಾಖೆ, 1968ರಲ್ಲಿ ಆದದ್ದು, ಅದರ ಮುಖ್ಯ ಕಚೇರಿ ಆಲಪ್ಪುಳದಲ್ಲೇ. ಮಗಳು ಅರ್ಧ ಗಂಟೆ ಫೋನಿನಲ್ಲಿ ಹುಡುಕಿ, ಅಡುಗೆಯವನನ್ನು ಕೇಳಿ, ಬಂದು ಹೇಳಿದಳು: "ನಾಳೆ ಕೊಟ್ಟಾಯಂಗೆ ಬಸ್ಸು ಬೇಡ. ಬೋಟಿದೆ. ಎರಡೂವರೆ ಗಂಟೆ. ನಾನು ಕರಕೊಂಡು ಹೋಗ್ತೀನಿ."

ನಾನು ಕರಕೊಂಡು ಹೋಗ್ತೀನಿ ಅಂದಳು, ನೋಡಿ.

ನನಗೆ ಭಯ. 2023ರ ಮೇ 7ರಂದು ಅದೇ ಕೇರಳದ ತಾನೂರಿನಲ್ಲಿ ದೋಣಿ ಮಗುಚಿ 22 ಜನ ಹೋದರಲ್ಲ, ಅದರಲ್ಲಿ ಮಕ್ಕಳೇ ಎಷ್ಟು. 2019ರ ಜನವರಿಯಲ್ಲಿ ನಮ್ಮ ಕಾರವಾರದಲ್ಲಿ ಕೂರ್ಮಗಡದ ಜಾತ್ರೆಯಿಂದ ಬರುವಾಗಲೂ 16 ಜನ. ಜನ ಹೆಚ್ಚಾಗಿ ತುಂಬಿದ ದೋಣಿ, ಕತ್ತಲಾದ ಮೇಲಿನ ದೋಣಿ, ಲೈಫ್ ಜಾಕೆಟ್ ಇಲ್ಲದ ದೋಣಿ, ಈ ಮೂರಕ್ಕೆ ಯಾರು ಎಷ್ಟು ಕರೆದರೂ ಹತ್ತಬೇಡಿ. ನಿಮ್ಮ ಮನೆಯವರು "ಏನಾಗಲ್ಲ ಬಾ" ಅಂದರೂ ಹತ್ತಬೇಡಿ. ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಮುಖ ತಿರುಗಿಸಲಿಲ್ಲ. ಮರುದಿನ ಬೋಟು ಹತ್ತುತ್ತಲೇ ಎಷ್ಟು ಜನರಿಗೆ ಅವಕಾಶ ಅಂತ ಬರೆದದ್ದನ್ನು ಓದಿ, ಜಾಕೆಟ್ಟು ಎಲ್ಲಿ ಕಟ್ಟಿದ್ದಾರೆ ನೋಡಿ, ಅದರ ಹತ್ತಿರವೇ ನನಗೂ ಅಜ್ಜಿಗೂ ಸೀಟು ಹಿಡಿದಳು. ದಡದಲ್ಲಿ ಅಜ್ಜಿಯ ಕೈ ಹಿಡಿದು ಹತ್ತಿಸಿದವಳೂ ಅವಳೇ. (ಬೋಟಿನಲ್ಲಿ ಶೌಚಾಲಯ ಇರುತ್ತದೆ ಅಂತ ನಂಬಿಕೊಳ್ಳಬೇಡಿ, ದಡದಲ್ಲೇ ಮುಗಿಸಿಕೊಳ್ಳಿ.) ಟಿಕೆಟು ನಾಲ್ಕು ಜನಕ್ಕೂ ಸೇರಿ 150 ರೂಪಾಯಿ ದಾಟಲಿಲ್ಲ. ಹಿಂದಿನ ದಿನದ 16,000 ನೆನೆದು ನಮ್ಮನೆಯವರು ಟಿಕೆಟ್ಟನ್ನು ಎರಡು ಸಲ ತಿರುಗಿಸಿ ನೋಡಿದರು.

ಮೊದಲು ಅಗಲವಾದ ಸರೋವರ, ಆಮೇಲೆ ಕಾಲುವೆ, ಎರಡು ಕಡೆ ತೆಂಗು, ಮನೆಯ ಹಿತ್ತಲು, ಪಾತ್ರೆ ಬೆಳಗುವ ಹೆಂಗಸರು. ಅವರೂ ನಮ್ಮನ್ನು ನೋಡಿ ನಕ್ಕರು. ಒಂದು ಕಟ್ಟೆಯಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು ಹತ್ತಿದರು. ಹುಡುಗಿ ನನ್ನ ಮಗಳದೇ ವಯಸ್ಸು. ಹೇಗೆ ಶುರುವಾಯಿತೋ, ಅರ್ಧ ಇಂಗ್ಲಿಷು, ಅರ್ಧ ಸಿನಿಮಾ ಹೆಸರು, ಉಳಿದದ್ದು ಕೈಸನ್ನೆ. ಒಂದು ವರ್ಷದಲ್ಲಿ ನನ್ನ ಹತ್ತಿರ ಆಡದಷ್ಟು ಮಾತನ್ನು ನನ್ನ ಮಗಳು ಆ ಒಂದು ಗಂಟೆಯಲ್ಲಿ ಆಡಿದಳು. ಆ ಹುಡುಗಿ ದಿನಾ ಇದೇ ಬೋಟಿನಲ್ಲಿ ಶಾಲೆಗೆ ಹೋಗಿ ಬರುವವಳಂತೆ. ನಾನು ಹೈಸ್ಕೂಲು ಓದಿದವಳು, ಇಂಗ್ಲಿಷು ಅಲ್ಲಲ್ಲಿ ತಿಳಿಯುತ್ತದೆ. ನನ್ನ ಮಗಳು, "ದಿನಾ ರಾತ್ರಿ ಮನೆಗೇ ಬರ್ತೀಯಾ? ನೀನು ಪುಣ್ಯವಂತೆ" ಅನ್ನುವ ಅರ್ಥದಲ್ಲಿ ಏನೋ ಅಂದಳು. ಹಾಸ್ಟೆಲ್ ಅನ್ನುವ ಮಾತು ಬಂತು. ಆಮೇಲೆ ಅವಳು ಹೊರಗೆ ನೋಡುತ್ತ ಕೂತಳು.

ನಾನು ಕೇಳಿಸಿಕೊಳ್ಳದವಳ ಹಾಗೆ ನಿಪ್ಪಟ್ಟಿನ ಡಬ್ಬ ತೆಗೆದು ಎರಡು ಹುಡುಗಿಯರಿಗೂ, ಆ ಅಜ್ಜಿಗೂ ಕೊಟ್ಟೆ. ಎರಡು ಅಜ್ಜಿಯರು ಭಾಷೆಯೇ ಇಲ್ಲದೆ ಮಂಡಿನೋವಿನ ಮಾತಾಡಿಕೊಂಡರು.

ಕೊಟ್ಟಾಯಂನಲ್ಲಿ ರೈಲು ರಾತ್ರಿಯ ಹೊತ್ತಿಗೆ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಅತ್ತೆ ತೂಕಡಿಸುತ್ತಿದ್ದರು. ನಮ್ಮನೆಯವರು ನೀರು ತರಲು ಹೋಗಿದ್ದರು. "ಹಾಸ್ಟೆಲು ಬೇಡ್ವೇನೆ?" ಅಂತ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಕಾಲೇಜು ಬೇಕು ಅಮ್ಮ. ಆದ್ರೆ ರಾತ್ರಿ ಲೈಟು ಆರಿಸಿದ ಮೇಲೆ ಯಾರ ಹತ್ರ ಮಾತಾಡ್ಲಿ?" ಅಂದಳು. ಮನೆಯಲ್ಲಿ ಅವಳು ಮಲಗುವುದು ಅಜ್ಜಿಯ ಪಕ್ಕ. ಲೈಟು ಆರಿದ ಮೇಲೆ ಅಜ್ಜಿಯ ಹತ್ತಿರ ದಿನವೂ ಮಾತಾಡುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದ ಅತ್ತೆ ಕಣ್ಣು ತೆಗೆಯದೆಯೇ, "ಶನಿವಾರ ಶನಿವಾರ ಬಂದು ಬಿಡು ಮಗಾ, ಮೈಸೂರೇನು ದೂರವಾ" ಅಂದರು. ಅವರು ನಿದ್ದೆ ಮಾಡಿರಲೇ ಇಲ್ಲ.

ಆಮೇಲೆ ನಮ್ಮನೆಯವರ ಹತ್ತಿರ ಮಾತಾಡಿದೆ. ವಾರದ ನಡುವೆ ಒಂದು ದಿನ ನಾವು ಹೋಗುವುದು, ಶನಿವಾರ ಅವಳು ಬರುವುದು, ದಸರಾವರೆಗೆ ನೋಡುವುದು, ಆಗದಿದ್ದರೆ ಹುಣಸೂರಿನ ಕಾಲೇಜಿಗೆ ದಿನಾ ಬಸ್ಸು. ಇಷ್ಟು ಒಪ್ಪಂದ. ಮೊದಲ ತಿಂಗಳು ಅತ್ತು ಫೋನು ಮಾಡಿದಳು. ಎರಡನೇ ತಿಂಗಳು ಬಟ್ಟೆ ಒಗೆಯುವುದಕ್ಕೆ ಯಾವ ಸೋಪು ಅಂತ ಫೋನು ಮಾಡಿದಳು.

ನಿಮ್ಮ ಮನೆಯಲ್ಲೂ ಈ ವಯಸ್ಸಿನವರಿದ್ದರೆ, ದೋಣಿಯೋ ಹಡಗೋ ಏನೇ ಆರಿಸಿ, ಅವರಿಗೆ ಒಂದು ಕೆಲಸ ಒಪ್ಪಿಸಿಬಿಡಿ. ಟಿಕೆಟು, ವೇಳೆ, ದಾರಿ, ಯಾವುದಾದರೂ ಸರಿ. ಬೇಕಾದರೆ ಒಂದು ತಪ್ಪು ಮಾಡಲಿ. ಹೌಸ್‌ಬೋಟಿನ ಆಸೆ ನಿಮಗಿದ್ದರೆ ರಾತ್ರಿ ತಂಗದೆ ಹಗಲಿನ ನಾಲ್ಕೈದು ಗಂಟೆಗೆ ಮಾತ್ರ ಮಾತಾಡಿಕೊಳ್ಳಿ, ದುಡ್ಡೂ ಉಳಿಯುತ್ತದೆ, ದೋಣಿಯೂ ಓಡುತ್ತಿರುತ್ತದೆ. ರಾತ್ರಿ ದಡದ ಮನೆಗಳಲ್ಲಿ ಬಾಡಿಗೆಗೆ ಕೋಣೆ ಸಿಗುತ್ತದೆ. ಉಳಿದ ಓಡಾಟಕ್ಕೆ ಸರ್ಕಾರಿ ಬೋಟೇ ಸಾಕು.

ದಸರಾ ರಜೆಗೆ ಬಂದಾಗ ಮಗಳು ಒಂದು ಚೀಟಿ ಬರೆದು ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿ ಹೋಗಿದ್ದಾಳೆ. ಮುಂದಿನ ಏಪ್ರಿಲ್, ಕಬಿನಿ, ಬೆಳಗಿನ ದೋಣಿ. ನಾಲ್ಕು ಜನರ ಖರ್ಚು ಬರೆದಿದ್ದಾಳೆ. ಕೆಳಗೆ, "ಮೊದಲು ಫೋನು ಮಾಡಿ ಕೇಳುವುದು: ಸಫಾರಿ ಇದೆಯಾ, ಅಜ್ಜಿಗೆ ಮೆಟ್ಟಿಲು ಎಷ್ಟು" ಅಂತಲೂ ಇದೆ.